ಒಣಗುವ ಎಣ್ಣೆ

ಗೌರಸಮುದ್ರದ ಮಾರಮ್ಮನ ಜಾತ್ರೆಯ ನೆಪದಲ್ಲಿ ಮೈಸೂರಿನ ಕಾವಾ ಕಾಲೇಜಿನಿಂದ ಬಂದಿಳಿದ ಚಿರಂಜೀವಿಯು, ದೇವೀದರ್ಶನಕ್ಕೆ ಮುನ್ನವೇ ಪಿತೃದರ್ಶನಕ್ಕೆ ಉದ್ಯುಕ್ತನಾದುದರ ಉದ್ದೇಶವು ಧಾರ್ಮಿಕವಲ್ಲವೆಂಬುದನ್ನು ಬಲ್ಲ ತಂದೆಯು, ಈರುಳ್ಳಿ ಚೀಲದ ಬಾಯಿ ಹೊಲಿಯುತ್ತಲೇ ಕೇಳಿದನು:

“ಎಷ್ಟು?”

“ಬಣ್ಣಕ್ಕೆ, ಕ್ಯಾನ್ವಾಸಿಗೆ, ಅಗಸೆ ಎಣ್ಣೆಗೆ...”

“ಎಣ್ಣೆಗಿರಣಿಗಳ ಚಳ್ಳಕೆರೆ ಪಕ್ಕದಲ್ಲಿರಲು ಎಣ್ಣೆಗೆ ದುಡ್ಡೆ? ಒಂದು ಡಬ್ಬ ಶೇಂಗಾ ಎಣ್ಣೆ ಒಯ್ಯಿ.”

“ಅದು ಒಣಗುವುದಿಲ್ಲಪ್ಪಾ, ಚಿತ್ರಕ್ಕೆ ಒಣಗುವ ಎಣ್ಣೆಯೇ ಆಗಬೇಕು.”

“ಒಣಗುವುದನ್ನೂ ಕೊಂಡು ತರಬೇಕೆ? ನಮ್ಮ ಹೊಲ ಪುಕ್ಕಟೆಯಾಗಿಯೇ ಒಣಗುತ್ತಿದೆಯಲ್ಲ! 1906ರಲ್ಲಿ ನಿಮ್ಮ ವಿದ್ಯಾಶಾಲೆಯ ಮೂಲಸಂಸ್ಥೆಗೆ ಕಲ್ಲಿಟ್ಟವನು ವೇಲ್ಸಿನ ಯುವರಾಜನೆಂದು ನೀನೇ ಹೇಳಿದ್ದೆ. ಖರ್ಚು ಮಾತ್ರ ನನ್ನದೆ?”

ಮಗನು ಚಿತ್ರಾರ್ಪಿತನಂತೆ ನಿಂತನು. ಆ ಭಂಗಿಯಲ್ಲಿ ಅವನಿಗೆ ಸಾಕಷ್ಟು ಅಭ್ಯಾಸವಿದ್ದಿತು.

“ಹೋಗಲಿ, ಈ ಚೀಲ ಮಾರಿಕೊ. ತೂಗುವಾಗ ದಲ್ಲಾಳಿಯ ಬೆರಳನ್ನು ಚೆನ್ನಾಗಿ ನೋಡು, ರೇಖಾಭ್ಯಾಸವೂ ಆದೀತು.”