ಪ್ಲೇಟು ಮೇಷ್ಟ್ರು

ಚಳ್ಳಕೆರೆಯ ಮೈಕ್‌ಸೆಟ್ ಅಂಗಡಿಯವನಿಗೆ ಇಬ್ಬರನ್ನು ಕಂಡರೆ ಭಯ. ಬಾಡಿಗೆಗೆ ಒಯ್ದ ಹಾರ್ನನ್ನು ಹಬ್ಬ ಮುಗಿದು ತಿಂಗಳಾದ ಮೇಲೆ ಸೊಟ್ಟಗೆ ಮಾಡಿ ತರುವ ಗಣೇಶನ ಹುಡುಗರು ಒಂದು ಕಡೆ. ಪ್ಲೇಟು ಮೇಷ್ಟ್ರು ಇನ್ನೊಂದು ಕಡೆ. ಗಣೇಶನ ಹುಡುಗರಾದರೂ ವರ್ಷಕ್ಕೊಮ್ಮೆ ಬರುತ್ತಾರೆ.

ಮೇಷ್ಟ್ರು ಹೈಸ್ಕೂಲಿನಲ್ಲಿ ವಿಜ್ಞಾನ ಹೇಳಿ ನಿವೃತ್ತರಾದವರು. ಮನೆಯಲ್ಲಿ ಎರಡು ಟ್ರಂಕು ತುಂಬ ಗ್ರಾಮಫೋನ್ ಪ್ಲೇಟುಗಳಿವೆ. ಅವನ್ನು ನೆಟ್ಟಗೆ ನುಡಿಸುವ ಯಂತ್ರ ಇಲ್ಲ. ಅದನ್ನು ಅವರು ಆರಿಸುತ್ತಿದ್ದಾರೆ. ಈ ಕುಲದವರು ಎಲ್ಲ ಊರಲ್ಲೂ ಸಿಗುತ್ತಾರೆ: ಒಬ್ಬರು ಕ್ಯಾಮೆರಾ ಆರಿಸುತ್ತಿರುತ್ತಾರೆ, ಒಬ್ಬರು ಸೋಲಾರ್ ಹೀಟರು, ಒಬ್ಬರು ಮಗನಿಗೆ ಹೆಣ್ಣು. ವಸ್ತು ಯಾವುದೇ ಇರಲಿ, ಕೊಳ್ಳುವ ದಿನವೊಂದನ್ನು ಬಿಟ್ಟು ಉಳಿದೆಲ್ಲ ದಿನವೂ ಇವರಿಗೆ ಅದರದೇ ಧ್ಯಾನ. ಮೇಷ್ಟ್ರ ಹೆಂಡತಿ ಹೇಳುವ ಮಾತು ಊರಲ್ಲೆಲ್ಲ ಓಡಾಡಿದೆ: "ನನ್ನನ್ನ ನೋಡೋಕೆ ಬಂದೋರು ಉಪ್ಪಿಟ್ಟು ತಿಂದು ಕೈ ತೊಳೆಯೋದ್ರೊಳಗೆ ಒಪ್ಪಿಗೆ ಅಂದ್ರು. ಅಷ್ಟು ಬೇಗ ಏನನ್ನಾದ್ರೂ ಒಪ್ಪಿದ್ದು ಅದೇ ಕೊನೆ."

ಮೇಷ್ಟ್ರ ಷರತ್ತು ಒಂದೇ. ಯಂತ್ರ ಪೂರ್ತಿ ಆಟೊಮ್ಯಾಟಿಕ್ ಆಗಿರಬೇಕು. ಗುಂಡಿ ಒತ್ತಿದರೆ ಸೂಜಿಯ ತೋಳು ತಾನೇ ಎದ್ದು, ಪ್ಲೇಟಿನ ಅಂಚಿಗೆ ಹೋಗಿ, ಮೆಲ್ಲಗೆ ಇಳಿಯಬೇಕು; ಹಾಡು ಮುಗಿದರೆ ತಾನೇ ಎದ್ದು ವಾಪಸು ಬಂದು ಮಲಗಬೇಕು. ಹಾಡು ಮುಗಿದದ್ದು ಅದಕ್ಕೆ ಹೇಗೆ ತಿಳಿಯುತ್ತದೆ ಎಂದು ಯಾರೂ ಕೇಳಬಾರದು. ಕೇಳಿದವರು ಕಾಫಿ ಆರುವ ತನಕ ಕೂರಬೇಕಾಗುತ್ತದೆ. ಹಾಡಿರುವ ಗೆರೆಗಳಲ್ಲಿ ತೋಳು ಒಳಗೆ ಸರಿಯುವುದು ಬಲು ನಿಧಾನ. ಕೊನೆಯ ಖಾಲಿ ಗೆರೆಯಲ್ಲಿ ಅದು ಸರ್ರನೆ ಒಳಕ್ಕೆ ಎಳೆದುಕೊಳ್ಳುತ್ತದೆ. ಆ ವೇಗ ತಟ್ಟಿದೊಡನೆ ಅಡಿಯಲ್ಲಿರುವ ಸಣ್ಣ ಸನ್ನೆ ಹಲ್ಲುಚಕ್ರಕ್ಕೆ ಸಿಕ್ಕಿಕೊಂಡು, ತಿರುಗುವ ತಟ್ಟೆಯ ಬಲದಿಂದಲೇ ತೋಳನ್ನು ಎತ್ತುತ್ತದೆ. ಹಳೆಯ ಆಟೊಮ್ಯಾಟಿಕ್‌ಗಳಲ್ಲಿ ಇದಕ್ಕೆ ಕಂಪ್ಯೂಟರ್ ಇಲ್ಲ, ಚಿಪ್ ಇಲ್ಲ. ಇದನ್ನು ಹೇಳುವಾಗ ಮೇಷ್ಟ್ರು ಇಪ್ಪತ್ತು ವರ್ಷ ಚಿಕ್ಕವರಾಗಿ ಕಾಣುತ್ತಾರೆ ಎಂಬುದನ್ನೂ ಒಪ್ಪಬೇಕು.

ಹಾಗಾದರೆ ಕೊಳ್ಳಲು ಅಡ್ಡಿಯೇನು? ಆಡಿಯೋ-ಟೆಕ್ನಿಕಾದ ಎಲ್‌ಪಿ60ಎಕ್ಸ್ ಪೂರ್ತಿ ಆಟೊಮ್ಯಾಟಿಕ್. ಪ್ಲೇಟಿನ ಸಣ್ಣ ದನಿಯನ್ನು ಹಿಗ್ಗಿಸುವ ಫೋನೊ ಪ್ರಿಆಂಪ್ ಅದರೊಳಗೇ ಇದೆ, ಮೈಕ್‌ಸೆಟ್ಟಿನ ಆಂಪ್ಲಿಫೈಯರಿಗೆ ನೇರ ಸಿಕ್ಕಿಸಬಹುದು. ಮೇಷ್ಟ್ರು ಅದನ್ನು ಬೇಡವೆಂದರು: ಸೂಜಿಯ ಭಾರವನ್ನು ಕಾರ್ಖಾನೆಯಲ್ಲೇ ಕಟ್ಟಿಬಿಟ್ಟಿದ್ದಾರೆ, ನಾವು ಬದಲಿಸುವಂತಿಲ್ಲ. ಡೆನನ್‌ನ ಡಿಪಿ-300ಎಫ್ ಕೂಡ ಪೂರ್ತಿ ಆಟೊಮ್ಯಾಟಿಕ್. ಅದನ್ನೂ ಬೇಡವೆಂದರು: ಸೂಜಿಯ ಭಾರವನ್ನು ನಾವೇ ಹೊಂದಿಸಿಕೊಳ್ಳಬೇಕು, ಅದು ಯಾರಿಗೆ ಬೇಕು. ಪ್ರೊ-ಜೆಕ್ಟ್‌ನ ಆಟೊಮ್ಯಾಟ್ ಎ1 ಕಣ್ಣಾರೆ ನೋಡದೆ ಆಗದು. ಟೆಕ್ನಿಕ್ಸ್ ಎಸ್‌ಎಲ್-1200ರ ಹೆಸರೆತ್ತಿದರೆ ಕೈ ಮುಗಿಯುತ್ತಾರೆ. ಅದು ಬಂದದ್ದು 1972ರಲ್ಲಿ, 'ನಾಗರಹಾವು' ತೆರೆಕಂಡ ವರ್ಷದಲ್ಲೇ. ಆದರೆ ಅದರಲ್ಲಿ ತೋಳನ್ನು ನಾವೇ ಎತ್ತಿ ಇಡಬೇಕು. ಅಲ್ಲಿಗೆ ಅದರ ಕಥೆಯೂ ಮುಗಿಯಿತು.

ಈ ಸಾಲುಗಳನ್ನು ಬರೆಯುತ್ತಿರುವವನ ಮನೆಯಲ್ಲಿ ರಾತ್ರಿ ಹತ್ತರ ಮೇಲೆ ಫೋನ್ ಹೊಡೆದುಕೊಂಡರೆ ಒಂದೋ ನೆಂಟರಲ್ಲಿ ಯಾರೋ ತೀರಿಕೊಂಡಿರಬೇಕು, ಇಲ್ಲವೇ ಮೇಷ್ಟ್ರಿಗೆ ಬೆಲ್ಟ್ ಡ್ರೈವ್ ಮೇಲೆ ಅನುಮಾನ ಬಂದಿರಬೇಕು. ಸಹವಾಸದೋಷ ಸುಮ್ಮನೆ ಬಿಡುವುದಿಲ್ಲ. ಮೊನ್ನೆ ಮದುವೆಯೂಟದಲ್ಲಿ ಈ ಬರೆಯುವವನೇ ಪಕ್ಕದ ಎಲೆಯವರಿಗೆ ಬೆಲ್ಟಿಗೂ ಡೈರೆಕ್ಟ್ ಡ್ರೈವಿಗೂ ಇರುವ ವ್ಯತ್ಯಾಸ ವಿವರಿಸತೊಡಗಿದ. ಅವರು ಪಾಯಸಕ್ಕೂ ಕಾಯದೆ ಎದ್ದುಹೋದರು.

ಒಮ್ಮೆ ಮಾತ್ರ ಯಂತ್ರ ಮನೆಗೆ ಬಂದದ್ದುಂಟು. ಅಮೆರಿಕದಲ್ಲಿರುವ ಅಳಿಯ ಅಲ್ಲಿನ ಯಾರದೋ ಗ್ಯಾರೇಜಿನಲ್ಲಿ ಮೂಲೆಗೆ ಬಿದ್ದಿದ್ದ ಹಳೆಯ ಆಟೊಮ್ಯಾಟಿಕ್ ಒಂದನ್ನು ಹೊತ್ತು ತಂದ. ಅಲ್ಲಿಯದು 120 ವೋಲ್ಟು, ಇಲ್ಲಿಯದು 230. ಮೇಷ್ಟ್ರು ಬೆಂಗಳೂರಿನ ಎಸ್.ಪಿ. ರಸ್ತೆಗೆ ಹೋಗಿ ಇಟ್ಟಿಗೆ ಭಾರದ ಟ್ರಾನ್ಸ್‌ಫಾರ್ಮರ್ ತಂದರು. ಬಳ್ಳಾರಿ ಕಡೆಯ ಲಾರಿಗಳ ಅದುರು ಸೂಜಿಗೆ ತಟ್ಟಬಾರದೆಂದು ಅಡಿಗೆ ಚಳ್ಳಕೆರೆ ಕಂಬಳಿಯನ್ನು ನಾಲ್ಕು ಮಡಿಕೆ ಹಾಸಿದರು. ಕಡಲೆಕಾಯಿ ಮಂಡಿಯವರು, ನಿವೃತ್ತ ಪೋಸ್ಟ್ ಮಾಸ್ಟರು, ಬೀದಿಯ ಹುಡುಗರು, ಎಲ್ಲ ಸೇರಿದರು. 'ನಾಗರಹಾವು' ಚಿತ್ರದ ಇ.ಪಿ. ಏರಿತು. ಗುಂಡಿ ಒತ್ತಿದರು. ತೋಳು ತಾನಾಗಿ ಎದ್ದಿತು, ಸರಿಯಿತು, ಇಳಿಯಿತು. ಚಪ್ಪಾಳೆ.

ಆಮೇಲೆ ಹಾಡು ಶುರುವಾಯಿತು. ವಿಜಯಭಾಸ್ಕರ್ ಅವರ ವಾದ್ಯವೃಂದ ಬೇಸಗೆಯ ಎಮ್ಮೆಗಳ ಸಾಲಿನಂತೆ ಕಾಲೆಳೆಯುತ್ತ ಹೊರಟಿತು. ಪಿ.ಬಿ. ಶ್ರೀನಿವಾಸ್ ಬಾವಿಯೊಳಗಿಂದ ಹಾಡಿದರು. ಸುಶೀಲಾ ಬಂದಾಗ ಪೋಸ್ಟ್ ಮಾಸ್ಟರು ಮೆಲ್ಲಗೆ ಕೇಳಿದರು: "ಮೇಷ್ಟ್ರೇ, ಸುಶೀಲಮ್ಮನಿಗೆ ನೆಗಡಿಯಾ?"

ವಿಷಯ ಇಷ್ಟೇ. ಆ ಕಾಲದ ಮೋಟಾರುಗಳು ಓಡುತ್ತಿದ್ದುದು ಕರೆಂಟಿನ ಫ್ರೀಕ್ವೆನ್ಸಿಯ ಲೆಕ್ಕದಲ್ಲಿ. ಅಮೆರಿಕದ್ದು 60 ಹರ್ಟ್ಸ್, ನಮ್ಮದು 50. ಟ್ರಾನ್ಸ್‌ಫಾರ್ಮರ್ ವೋಲ್ಟೇಜನ್ನು ಬದಲಿಸೀತು, ಫ್ರೀಕ್ವೆನ್ಸಿಯನ್ನು ಬದಲಿಸದು. ಹಾಗಾಗಿ ನಿಮಿಷಕ್ಕೆ 45 ಸುತ್ತು ಬರಬೇಕಾದ ಪ್ಲೇಟು 37.5 ಸುತ್ತು ಬರುತ್ತಿತ್ತು. ಶ್ರುತಿ ಹೆಚ್ಚುಕಡಿಮೆ ಮೂರು ಸ್ವರಸ್ಥಾನ ಕೆಳಗೆ ಕೂತಿತ್ತು. ಎಷ್ಟೋ ಹಳೆಯ ಯಂತ್ರಗಳಲ್ಲಿ ಮೋಟಾರಿನ ಮೇಲಿನ ಸಣ್ಣ ಹಿತ್ತಾಳೆ ರಾಟೆಯನ್ನು ಬದಲಿಸಿ 50 ಹರ್ಟ್ಸಿನದು ಹಾಕಿದರೆ ಸರಿಹೋಗುತ್ತದೆ. ಈಗಿನ ಅಗ್ಗದ ಯಂತ್ರಗಳಲ್ಲಿ ಹೆಚ್ಚಿನವು ಡಿ.ಸಿ. ಮೋಟಾರಿನವು, ಅವಕ್ಕೆ ಈ ಗೋಳಿಲ್ಲ. ಇದನ್ನೆಲ್ಲ ಮಕ್ಕಳಿಗೆ ಪಾಠ ಹೇಳಿದ್ದ ಮೇಷ್ಟ್ರು ಅಂದು ಯಾರ ಜೊತೆಗೂ ಮಾತಾಡಲಿಲ್ಲ. ಮಾರನೆಯ ದಿನದಿಂದ ಆಯ್ಕೆಯ ಜೊತೆಗೆ ರಾಟೆಯ ಹುಡುಕಾಟವೂ ಸೇರಿಕೊಂಡಿತು.

ಮೊಳಕಾಲ್ಮುರಿನಲ್ಲಿ ಅವರ ಬೀಗರಿದ್ದಾರೆ, ರೇಷ್ಮೆ ಸೀರೆ ನೇಯುವವರು. ಅವರಿಗೆ ಆಯ್ಕೆಯ ಕಾಯಿಲೆ ಇಲ್ಲ. ಯಾವುದೋ ಟೆಂಟ್ ಸಿನಿಮಾ ಮುಚ್ಚಿದಾಗ ಸಿಕ್ಕ ನಾಲ್ಕು ವೇಗದ ಹಳೇ ಪ್ಲೇಯರ್ ಮಗ್ಗದ ಪಕ್ಕದ ಗೂಡಿನಲ್ಲಿದೆ. ಆಟಕ್ಕೆ ಮುಂಚೆ ಘಂಟಸಾಲರ ವೆಂಕಟೇಶಸ್ತುತಿ ಹಾಕಿ ಊರನ್ನೆಲ್ಲ ಟೆಂಟಿಗೆ ಕರೆಯುತ್ತಿದ್ದ ಕಾಲದ್ದು. ಸಂಜೆ ಕೈ ಬಿಡುವಾದಾಗ ಬೀಗರು ಒಂದು ಪ್ಲೇಟು ಹಾಕುತ್ತಾರೆ. ಸೂಜಿ ಬದಲಿಸಿ ಎಷ್ಟು ವರ್ಷವಾಯಿತೆಂದು ಅವರಿಗೆ ನೆನಪಿಲ್ಲ.

ಅಲ್ಲಿಗೆ ಹೋಗುವ ಬಸ್ಸಿನಲ್ಲಿ ಮೇಷ್ಟ್ರ ಪಕ್ಕ ಕೂತವರಿಗೆ ತಳುಕು ಬರುವಾಗ ತ.ರಾ.ಸು. ಪಾಠ ತಪ್ಪಿದ್ದಲ್ಲ: ಅವರ ಹೆಸರಿನ ಮೊದಲ ಅಕ್ಷರವೇ ಈ ಊರು, 'ನಾಗರಹಾವು' ಕಥೆ ಅವರದು, 'ಹಂಸಗೀತೆ'ಯೂ ಅವರದೇ. ಬ್ರಹ್ಮಗಿರಿಯ ಅಶೋಕನ ಶಾಸನವೂ ಬಿಡುವುದಿಲ್ಲ. "ಕಲ್ಲಲ್ಲಿ ಕೊರೆದದ್ದು ಉಳೀತು. ಪ್ಲೇಟಲ್ಲಿ ಕೊರೆದದ್ದೂ ಉಳಿಯುತ್ತೆ. ನಿಮ್ಮ ಮೊಬೈಲಿನ ಹಾಡು ನಾಳೆ ಎಲ್ಲಿರುತ್ತೋ ಹೇಳಿ ನೋಡೋಣ." ಪಕ್ಕದವರು ಹೇಳಲಾರರು, ಕಿವಿಯಲ್ಲಿ ಇಯರ್‌ಫೋನ್ ಇರುತ್ತದೆ.

ಕಳೆದ ಸಲ ಮೇಷ್ಟ್ರು ತಮ್ಮ ತಂದೆಯ ಕಾಲದ ನಾಟಕದ ಪ್ಲೇಟುಗಳನ್ನು ಬಟ್ಟೆಯಲ್ಲಿ ಸುತ್ತಿ ಒಯ್ದಿದ್ದರು. ಅವು 78 ಸುತ್ತಿನವು, ಅರಗಿನವು, ಕೈ ಜಾರಿದರೆ ಚೂರು. ಎಲ್‌ಪಿ ಸೂಜಿಯ ಮೊನೆ ಇಂಚಿನ ಸಾವಿರದಲ್ಲೊಂದು ಭಾಗಕ್ಕಿಂತ ಸಣ್ಣದು. ಇವುಗಳ ಅಗಲ ಗೆರೆಗೆ ಅದರ ಮೂರು ನಾಲ್ಕು ಪಟ್ಟು ದಪ್ಪದ್ದು ಬೇಕು. ಮೇಷ್ಟ್ರು ಅಷ್ಟು ವರ್ಷ ತೂಗಿ ನೋಡಿದ ಎಲ್‌ಪಿ60ಎಕ್ಸ್ ಆಗಲಿ ಡಿಪಿ-300ಎಫ್ ಆಗಲಿ 33 ಮತ್ತು 45 ಬಿಟ್ಟು ಬೇರೆ ವೇಗ ಅರಿಯವು. ಬೀಗರ ಹಳೇ ಡಬ್ಬದಲ್ಲಿ 78ಕ್ಕೆ ಒಂದು, ಎಲ್‌ಪಿಗೆ ಒಂದು, ತಿರುವಿ ಹಾಕುವ ಎರಡು ಮೊನೆಯ ಸೂಜಿ ಇತ್ತು.

"ನಿಮ್ಮ ಸೂಜಿ ಪ್ಲೇಟನ್ನ ಉಳ್ತಾ ಇದೆ ಬೀಗರೇ" ಎಂದು ಮೇಷ್ಟ್ರು ನೊಂದುಕೊಂಡರು.

"ಉತ್ತರೆ ತಾನೆ ಬೀಗರೇ ಬೆಳೆ?" ಎಂದರು ಅವರು. "ನಿಮ್ಮ ತಂದೆಯೋರ ಪ್ಲೇಟು. ನೀವೇ ಹಾಕಿ."

ಮೇಷ್ಟ್ರು ಕೈಯನ್ನು ಜುಬ್ಬಾದ ಜೇಬಿಗೆ ಇಳಿಸಿದರು. ಕನ್ನಡಕ ಬಿಟ್ಟು ಬಂದಿದ್ದೇನೆ ಎಂದರು. ಕನ್ನಡಕ ಮೂಗಿನ ಮೇಲೇ ಇತ್ತು. ಬೀಗರು ಏನೂ ಅನ್ನದೆ ತಾವೇ ಸೂಜಿ ಇಳಿಸಿದರು. ಆಮೇಲೆ ಕಾಫಿ ಬಂದಾಗ ಲೋಟವನ್ನು ಮೇಷ್ಟ್ರು ಎರಡೂ ಕೈಯಲ್ಲಿ ಹಿಡಿದರು; ಆದರೂ ಬಟ್ಟಲಿಗೆ ಒಂದಿಷ್ಟು ಚೆಲ್ಲಿತು. ಬೆಲ್ಟು, ಭಾರ, ಅದುರು ಎಂದು ರಾತ್ರಿ ಹತ್ತರ ಮೇಲೆ ಬರುತ್ತಿದ್ದ ಫೋನುಗಳಲ್ಲಿ ಈ ಒಂದು ವಿಷಯ ಎಂದೂ ಬಂದಿರಲಿಲ್ಲ. ನಡುಗುವ ಕೈಯವರು ನೂರಾರು ಗೆರೆಗಳ ನಡುವೆ ಸೂಜಿ ಇಳಿಸುವ ಕೆಲಸವನ್ನು ಯಂತ್ರಕ್ಕೆ ಬಿಡಬೇಕೆಂದರೆ ಅದನ್ನು ಶೋಕಿ ಅನ್ನಲಾಗದು. ಹಾಗೆಂದು ಹತ್ತರ ಮೇಲಿನ ಫೋನುಗಳು ನಿಂತಿಲ್ಲ, ಅವುಗಳಿಂದಾಗುವ ಕಿರಿಕಿರಿಯೂ ಕಡಿಮೆಯಾಗಿಲ್ಲ.

ಇ.ಪಿ., ಎಲ್‌ಪಿಗಳಿಗೆ ಆ ಎಲ್‌ಪಿ60ಎಕ್ಸ್ ಸಾಕು. ತಂದೆಯ ಪ್ಲೇಟುಗಳಿಗೆ ಬೀಗರ ಮನೆಯಿದೆ. ಮೇಷ್ಟ್ರಿಗೆ ಇದನ್ನು ಹೇಳಿಯಾಗಿದೆ, ಯೋಚಿಸುತ್ತೇನೆ ಎಂದಿದ್ದಾರೆ. ಓದುಗರಲ್ಲಿ ಕೇಳುವುದಿಷ್ಟೆ: ಅಟ್ಟದ ಮೇಲೆ ಪ್ಲೇಟುಗಳಿದ್ದರೆ ಈ ಕಡೆಯ ಬಿಸಿಲಿಗೆ ಒಂದರ ಮೇಲೊಂದು ಪೇರಿಸಬೇಡಿ, ಡೊಂಕಾಗುತ್ತವೆ, ನೆಟ್ಟಗೆ ನಿಲ್ಲಿಸಿಡಿ. ಯಂತ್ರ ಕೊಳ್ಳುವ ಮೊದಲು ಪ್ಲೇಟುಗಳ ಲೇಬಲಿನ ಮೇಲಿನ ವೇಗ ಓದಿಕೊಳ್ಳಿ. ಹಳೆಯ ಅಮೆರಿಕನ್ ಆಟೊಮ್ಯಾಟಿಕ್‌ಗೆ ಹೊಂದುವ 50 ಹರ್ಟ್ಸಿನ ಹಿತ್ತಾಳೆ ರಾಟೆ ಯಾರ ಹತ್ತಿರವಾದರೂ ಇದ್ದರೆ ದಯವಿಟ್ಟು ತಿಳಿಸಿ, ಹೊಸದನ್ನು ಆರಿಸುವವರೆಗೆ ಅದಾದರೂ ನೆಟ್ಟಗೆ ಓಡಲಿ.