ಜಲಬಾಧಿತ ವಿಹಾರದಲ್ಲಿ ಅಯಾಚಿತ ಗ್ರಾಮಪ್ರವೇಶ: ಒಂದು ತಾತ್ವಿಕ ಪ್ರವೇಶಿಕೆ

ಒಂದು ದಿನದ ಪ್ರವಾಸ ಮಳೆಗೆ ಸಿಕ್ಕಿ ಕೆಟ್ಟು, ಹೊರಟವರು ಹೆಸರೂ ಕೇಳದ ಊರೊಂದರ ಜಗಲಿಯಲ್ಲಿ ಒದ್ದೆಯಾಗಿ ಕೂರುವ ವಿದ್ಯಮಾನಕ್ಕೆ ಜಲಬಾಧಿತ ವಿಹಾರಾಂತರ್ಗತ ಅಯಾಚಿತ ಗ್ರಾಮಪ್ರವೇಶ ಎಂದು ಹೆಸರು. ಮುಂದೆ ಇದನ್ನು ಜ.ವಿ.ಅ.ಗ್ರಾ. ಎಂದು ಸಂಕ್ಷೇಪಿಸಲಾಗಿದೆ, ಸಂಕ್ಷೇಪವಿಲ್ಲದ ವಿಷಯಕ್ಕೆ ಅನುದಾನ ಸಿಗುವುದು ಕಷ್ಟ. ನಿಸರ್ಗ ಹಾಗೂ ಸಂಸ್ಕೃತಿಗಳ ದ್ವಂದ್ವಾತ್ಮಕ ಮುಖಾಮುಖಿಯಲ್ಲಿ ಚಲನಶೀಲತೆಯು ಸ್ಥಗಿತಗೊಂಡು, ಕರ್ತೃತ್ವವು ತಾತ್ಕಾಲಿಕವಾಗಿ ವಿಸರ್ಜನೆಗೊಳ್ಳುವ ಸಂಕಥನಾತ್ಮಕ ಸ್ಥಿತ್ಯಂತರವೇ ಜ.ವಿ.ಅ.ಗ್ರಾ. ಅಂದರೆ, ಮಳೆ ಬಂತು, ವ್ಯಾನು ಹೂತುಹೋಯಿತು.

ಇದರ ಶುದ್ಧ ಮಾದರಿ ಜುಲೈ ತಿಂಗಳಲ್ಲಿ, ಸಾಗರದಿಂದ ಜೋಗದ ಕಡೆಗೆ ಹೋಗುವಾಗ ದೊರೆಯುತ್ತದೆ. ಜೋಗದಲ್ಲಿ ಶರಾವತಿ 253 ಮೀಟರ್ ಎತ್ತರದಿಂದ ರಾಜಾ, ರಾಣಿ, ರೋರರ್, ರಾಕೆಟ್ ಎಂಬ ನಾಲ್ಕು ಕವಲಾಗಿ ಬೀಳುತ್ತದೆ. ಬೇಸಿಗೆಯಲ್ಲಿ ಅಲ್ಲಿ ಎಲ್ಲವೂ ನಿಚ್ಚಳವಾಗಿ ಕಾಣುತ್ತದೆ, ನೀರೊಂದನ್ನು ಬಿಟ್ಟು. ಮಳೆಗಾಲದಲ್ಲಿ ನೀರಿಗೆ ಬರವಿಲ್ಲ, ಆದರೆ ಮಂಜು ಕವಿದು ಸದ್ದಷ್ಟೇ ಕೇಳುತ್ತದೆ. ಗೋಚರತೆಗೂ ಅಸ್ತಿತ್ವಕ್ಕೂ ನಡುವಿನ ಈ ವಿಲೋಮ ಸಂಬಂಧವನ್ನು ತತ್ತ್ವಶಾಸ್ತ್ರ ಇನ್ನೂ ಬಿಡಿಸಿಲ್ಲ. ಅಲ್ಲಿ ಜೋಳ ಸುಟ್ಟು ಮಾರುವವರು ಬಿಡಿಸಿದ್ದಾರೆ: "ಸ್ವಲ್ಪ ಕಾಯಿರಿ, ಗಾಳಿ ಬಂದ್ರೆ ಕಾಣ್ತದೆ."

ವಿಹಾರಿಗಳಲ್ಲಿ ಅನೇಕ ಜಾತಿಗಳುಂಟು. ಅಧ್ಯಯನಕ್ಕೆ ಯೋಗ್ಯರಾದವರು, 'ಗ್ರಾಮ ಅಸ್ಮಿತೆ: ಸಮಕಾಲೀನ ಪರಿಪ್ರೇಕ್ಷ್ಯ' ಎಂಬ ಬಗೆಯ ಎರಡು ದಿನದ ರಾಷ್ಟ್ರೀಯ ವಿಚಾರ ಸಂಕಿರಣಕ್ಕೆ ಬಂದ ವಿದ್ವಾಂಸರು. ಮೊದಲ ದಿನ ಎ.ಸಿ. ಸಭಾಂಗಣದಲ್ಲಿ ಗ್ರಾಮದ ಕುರಿತು ಪ್ರಬಂಧ ಮಂಡನೆ. ಹಾರ, ಶಾಲು, ಹಣ್ಣಿನ ಬುಟ್ಟಿ, ಸ್ಮರಣಿಕೆಗಳ ವಿತರಣೆಗೆ ಮಧ್ಯಾಹ್ನದವರೆಗೆ ಬೇಕಾಗುವುದರಿಂದ ಪ್ರಬಂಧವೊಂದಕ್ಕೆ ಏಳೆಂಟು ನಿಮಿಷ ಸಿಗುತ್ತದೆ. ಎರಡನೆಯ ದಿನ ಜಲಪಾತ. ಕಾರ್ಯಕ್ರಮ ಪಟ್ಟಿಯಲ್ಲಿ ಎಲ್ಲಿಯೂ ಗ್ರಾಮ ಇರುವುದಿಲ್ಲ. ಇದು ಜ.ವಿ.ಅ.ಗ್ರಾ.ದ ಕಡ್ಡಾಯ ಲಕ್ಷಣ. ಪಟ್ಟಿಯಲ್ಲಿದ್ದರೆ ಪ್ರವೇಶವನ್ನು ಅಯಾಚಿತ ಎನ್ನಲಾಗದು.

ವಿಹಾರವನ್ನು ಬಾಧಿಸುವ ಮಳೆಯಲ್ಲಿ ಹದಿನಾರು ವಿಧ. ಮೊದಲನೆಯದು ಛತ್ರಭಂಜಕ; ಇದು ಕೊಡೆಯನ್ನು ಒಳಗುಹೊರಗು ಮಾಡುತ್ತದೆ. ಎರಡನೆಯದು ಪಥಲೋಪಕ, ಇದರಲ್ಲಿ ರಸ್ತೆಯೂ ಹಳ್ಳವೂ ಅಭೇದಗೊಳ್ಳುತ್ತವೆ. ಮೂರನೆಯದು ತರುಪಾತಕ. ಇದರಲ್ಲಿ ಮರ ಬಿದ್ದು ದಾರಿಯೇ ಮುಚ್ಚಿಹೋಗುವುದರಿಂದ, ನಾಲ್ಕರಿಂದ ಹದಿನಾರರವರೆಗಿನ ವಿಧಗಳ ತನಕ ಯಾವ ವಿದ್ವಾಂಸರೂ ತಲುಪಿಲ್ಲ. ಆರಿದ್ರೆ, ಪುನರ್ವಸು, ಪುಷ್ಯ, ಆಶ್ಲೇಷ ಎಂಬ ಹಳೆಯ ವರ್ಗೀಕರಣವೊಂದು ಊರವರ ಬಳಕೆಯಲ್ಲಿದೆ. ಅದರಿಂದ ಯಾವಾಗ ಸಸಿ ನೆಡಬೇಕೆಂದು ಗೊತ್ತಾಗಿಬಿಡುತ್ತದೆ ಎಂಬ ದೋಷದಿಂದಾಗಿ ಅದನ್ನು ಶಾಸ್ತ್ರೀಯವೆಂದು ಪರಿಗಣಿಸಿಲ್ಲ.

ಪ್ರವೇಶಕ್ರಿಯೆ ಹೀಗೆ ನಡೆಯುತ್ತದೆ. ಬಿದ್ದ ಮರ ಕಂಡು ಡ್ರೈವರು ಒಳದಾರಿ ಹಿಡಿಯುತ್ತಾನೆ. ಮೊಬೈಲಿನಲ್ಲಿದ್ದ ನಕ್ಷೆ ನೆಟ್‌ವರ್ಕ್ ಸಿಗದೆ ಸುಮ್ಮನಾಗುತ್ತದೆ. ಹಿಂದಿನ ಚಕ್ರ ಕೆಸರಿಗೆ ಇಳಿಯುತ್ತದೆ, ವಿದ್ವಾಂಸರು ವ್ಯಾನಿನಿಂದ ಇಳಿಯುತ್ತಾರೆ, ಉಂಬಳಗಳು ಅವರ ಕಾಲಿಗೆ ಹತ್ತುತ್ತವೆ. ಆಗ ಅಡಿಕೆ ತೋಟದ ಬದಿಯಿಂದ ಕಂಬಳಿಕೊಪ್ಪೆ ಹಾಕಿಕೊಂಡ ಒಬ್ಬರು ಬರುತ್ತಾರೆ. ಹಿಂದಿನ ದಿನದ ಪ್ರಬಂಧಗಳಲ್ಲಿ ಇವರನ್ನು 'ಅಂಚಿಗೆ ತಳ್ಳಲ್ಪಟ್ಟ ದನಿಯಿಲ್ಲದವರು' ಎಂದು ಗುರುತಿಸಲಾಗಿರುತ್ತದೆ. ದನಿಯಿಲ್ಲದವರು ಸಾಕಷ್ಟು ಗಟ್ಟಿಯಾಗಿಯೇ ಹೇಳುತ್ತಾರೆ: "ಮಳೆ ಈಗ ಬಿಡೂದಿಲ್ಲ, ಒಳಗೆ ಬನ್ನಿ."

ಒಳಗೆ ಬಚ್ಚಲ ಹಂಡೆಯಲ್ಲಿ ಬಿಸಿನೀರು ಸಿದ್ಧವಿರುತ್ತದೆ. ಒಲೆಯ ಮುಂದೆ ಅಂಗಿಗಳು ಒಣಗತೊಡಗುತ್ತವೆ. ಮೊದಲು ಕಷಾಯ, ಕೆಂಡದಲ್ಲಿ ಸುಟ್ಟ ಹಲಸಿನ ಹಪ್ಪಳ, ಆಮೇಲೆ ಅನ್ನ, ಕಳಲೆ ಪಲ್ಯ, ಅಪ್ಪೆಮಿಡಿ ಉಪ್ಪಿನಕಾಯಿ. ವಿದ್ವಾಂಸರಲ್ಲಿ ಒಬ್ಬರು ಇದನ್ನು 'ನೆಲಮೂಲ ಆಹಾರ ಸಂಕಥನದ ಪ್ರತಿರೋಧಾತ್ಮಕ ಆಯಾಮ' ಎಂದು ಕರೆದು ಎರಡನೆಯ ಸಲ ಬಡಿಸಿಕೊಳ್ಳುತ್ತಾರೆ. ಒಂದು ವ್ಯಾನಿನಷ್ಟು ಜನಕ್ಕೆ ಹೊತ್ತಲ್ಲದ ಹೊತ್ತಿನಲ್ಲಿ ಅನ್ನ ಮಾಡಿದ ಹೆಂಗಸು, ಅಕ್ಕಿ ಡಬ್ಬಿಯ ತಳ ಕೆರೆದು ಅಳೆದದ್ದು ಯಾವ ಆಯಾಮಕ್ಕೂ ಸೇರುವುದಿಲ್ಲ. ಆಕೆಯ ಹೆಸರನ್ನು ಯಾರೂ ಕೇಳುವುದಿಲ್ಲ.

ಊಟವಾದ ಮೇಲೆ ಕ್ಷೇತ್ರಕಾರ್ಯ. "ಈ ಊರಿನ ಅಸ್ಮಿತೆಯನ್ನು ನೀವು ಹೇಗೆ ನಿರ್ವಚಿಸಿಕೊಳ್ಳುತ್ತೀರಿ?" ಎಂಬ ಪ್ರಶ್ನೆಗೆ ಮನೆಯ ಯಜಮಾನರು ಸ್ವಲ್ಪ ಹೊತ್ತು ಯೋಚಿಸಿ ಉತ್ತರಿಸುತ್ತಾರೆ: "ನಮ್ಮೂರು ಇದಲ್ಲ ಸಾರ್. ಅದು ಹಿನ್ನೀರಿನ ಅಡಿಗೆ ಐತೆ."

ಈ ಉತ್ತರವನ್ನು ಯಾವ ಪರಿಭಾಷೆಗೂ ಒಗ್ಗಿಸಲು ಬರುವುದಿಲ್ಲ. ಶರಾವತಿಗೆ ಕಟ್ಟಿದ ಲಿಂಗನಮಕ್ಕಿ ಅಣೆಕಟ್ಟು 1964ರಲ್ಲಿ ಮುಗಿಯಿತು. ಅದರ ಗರಿಷ್ಠ ಮಟ್ಟ 1819 ಅಡಿ. ಆ ಅಂಕಿ ಪ್ರತಿ ಮಳೆಗಾಲದಲ್ಲೂ ಪತ್ರಿಕೆಗಳಲ್ಲಿ ಬರುತ್ತದೆ, ಅದರ ಕೆಳಗಿರುವ ಊರುಗಳ ಹೆಸರು ಬರುವುದಿಲ್ಲ. ಆ ನೀರಿನಿಂದ ನಡೆಯುವ ಶರಾವತಿ ವಿದ್ಯುದಾಗಾರ ಒಂದರ ಸಾಮರ್ಥ್ಯವೇ 1035 ಮೆಗಾವಾಟ್. ಊರು ಬಿಟ್ಟವರನ್ನು ಲಾರಿಗಳಲ್ಲಿ ತಂದು ಕಾಡಿನ ನಡುವೆ ಇಳಿಸಿದರು. ಅವರು ಕಾಡು ಕಡಿದು, ಗದ್ದೆ ಮಾಡಿ, ಅಡಿಕೆ ಸಸಿ ನೆಟ್ಟರು. ಜಾಗ ಮಾತ್ರ ಕಾಗದದಲ್ಲಿ ಅರಣ್ಯವಾಗಿಯೇ ಉಳಿಯಿತು. 1980ರ ಅರಣ್ಯ ಸಂರಕ್ಷಣಾ ಕಾಯ್ದೆ ಬಂದ ಮೇಲೆ ಅದನ್ನು ಬಿಡಿಸಿಕೊಡಲು ಕೇಂದ್ರದ ಒಪ್ಪಿಗೆ ಬೇಕಾಯಿತು. ಅನೇಕ ಕುಟುಂಬಗಳಿಗೆ ಹಕ್ಕುಪತ್ರ ಇನ್ನೂ ಸಿಕ್ಕಿಲ್ಲ. ಪಹಣಿಯಲ್ಲಿ ಹೆಸರಿಲ್ಲದವನಿಗೆ ಬ್ಯಾಂಕಿನವರು ಬೆಳೆಸಾಲ ಕೊಡುವುದಿಲ್ಲ. ಕೊಳೆರೋಗಕ್ಕೆ ಅಡಿಕೆಯೆಲ್ಲ ಉದುರಿದರೂ ಪರಿಹಾರದ ಪಟ್ಟಿಗೆ ಅವನು ಸೇರುವುದಿಲ್ಲ. ತಾನು ನೆಟ್ಟ ತೋಟದಲ್ಲಿ ಅವನು ಒತ್ತುವರಿದಾರ! ನಾಡಿಗೆ ಬೆಳಕು ಬರಲೆಂದು ಮನೆ ಬಿಟ್ಟವರ ಮೊಮ್ಮಕ್ಕಳು, ಮಳೆಗಾಲದಲ್ಲಿ ದಿನಗಟ್ಟಲೆ ಕರೆಂಟಿಲ್ಲದೆ, ಮೇಣದ ಬತ್ತಿ ಹಚ್ಚಿಟ್ಟುಕೊಂಡು ಅದೇ ಹಳೆಯ ಅರ್ಜಿಯನ್ನು ಮತ್ತೆ ಬರೆಯುತ್ತಾರೆ. ಇದನ್ನು ಅರ್ಥ ಮಾಡಿಕೊಳ್ಳಲು ಯಾವ ಸಿದ್ಧಾಂತ ಬೇಕು? ಸರ್ವೆ ಆಗಬೇಕು, ಕಡತ ಸಾಗಬೇಕು, ಸಹಿ ಬೀಳಬೇಕು. ಅಷ್ಟೇ.

ಸಾಗರದಲ್ಲೇ ಬಾಳಿದ ನಾ. ಡಿಸೋಜ 'ಮುಳುಗಡೆ', 'ದ್ವೀಪ' ಕಾದಂಬರಿಗಳಲ್ಲಿ ಈ ಬವಣೆಯನ್ನು ಎಲ್ಲರಿಗೂ ತಿಳಿಯುವ ಕನ್ನಡದಲ್ಲಿ ಬರೆದಿಟ್ಟಿದ್ದಾರೆ. 'ದ್ವೀಪ'ವನ್ನು ಗಿರೀಶ ಕಾಸರವಳ್ಳಿ 2002ರಲ್ಲಿ ಸಿನಿಮಾ ಮಾಡಿದರು. ಜಗಲಿಯಲ್ಲಿ ಕುಳಿತ ವಿದ್ವಾಂಸರಲ್ಲಿ ಒಬ್ಬರಾದರೂ 'ದ್ವೀಪದಲ್ಲಿ ಜಲರೂಪಕ'ದ ಬಗ್ಗೆ ಪ್ರಬಂಧ ಓದಿದವರೇ ಆಗಿರುತ್ತಾರೆ. ಆ ನೀರು ರೂಪಕವಾಗಿ ಅಲ್ಲ, ನಿಜವಾಗಿಯೇ ಹೊಸ್ತಿಲು ಹತ್ತಿ ಬಂದಿತ್ತೆಂಬುದು ಅವರಿಗೆ ಆ ಹೊತ್ತಿನಲ್ಲಿ ಹೊಳೆಯುವ ಸಂಭವ ಕಡಿಮೆ. ಅವರು ಚಾರ್ಜರ್ ಹುಡುಕುತ್ತಿರುತ್ತಾರೆ.

ನಿರ್ಗಮನದ ಬಗ್ಗೆ ಹೆಚ್ಚು ಹೇಳಬೇಕಿಲ್ಲ. ಸಂಜೆಗೆ ಮರ ಕಡಿದು ದಾರಿ ಬಿಡಿಸುತ್ತಾರೆ, ಊರ ಹುಡುಗರು ವ್ಯಾನನ್ನು ತಳ್ಳಿ ಕೊಡುತ್ತಾರೆ, ಯಜಮಾನರನ್ನು ನಡುವೆ ನಿಲ್ಲಿಸಿ ಒಂದು ಗುಂಪು ಫೋಟೋ ಆಗುತ್ತದೆ. ಸಂಕಿರಣದ ವರದಿಯಲ್ಲಿ ಇದು 'ಜನಪದ ಜ್ಞಾನಪರಂಪರೆಯೊಂದಿಗೆ ಅರ್ಥಪೂರ್ಣ ಸಂವಾದ' ಎಂದು ಒಂದು ಸಾಲಾಗುತ್ತದೆ. ಊರಿನ ಹೆಸರನ್ನು ಯಾರೂ ಬರೆದುಕೊಂಡಿರುವುದಿಲ್ಲವಾಗಿ ಪ್ರಯಾಣ ಭತ್ಯೆಯ ಅರ್ಜಿಯಲ್ಲಿ ಜೋಗವೆಂದೇ ನಮೂದಾಗುತ್ತದೆ. ಆ ಬಿಲ್ಲು ಸಾಮಾನ್ಯವಾಗಿ ಮಾರ್ಚ್ ಮುಗಿಯುವುದರೊಳಗೆ ಮಂಜೂರಾಗುತ್ತದೆ. ಮುಳುಗಡೆಯವರ ಕಡತಕ್ಕೆ ಅರವತ್ತು ವರ್ಷ ದಾಟಿದೆ.