ಎಡಕುಮೇರಿಯ ಕ್ಯಾಪ್ಟನ್

ಸಕಲೇಶಪುರದಿಂದ ಸುಬ್ರಹ್ಮಣ್ಯ ರೋಡಿಗೆ ಇಳಿಯುವ ರೈಲಿನಲ್ಲಿ ಕಿಟಕಿ ಪಕ್ಕ ಕೂತೂ ಕಾಡು ನೋಡದ ಮನುಷ್ಯ ಕಂಡರೆ, ಅವನು ವಿಜ್ಞಾನ ಕಥೆಗಳ ಅಭಿಮಾನಿಯೇ ಇರಬೇಕು. ಈ ಘಾಟಿ ಅವನಿಗೆ ಪ್ರಿಯ, ಏಕೆಂದರೆ ಪಕ್ಕದಲ್ಲಿ ಕೂತವನು ಮಧ್ಯೆ ಇಳಿದು ತಪ್ಪಿಸಿಕೊಳ್ಳಲಾರ.

ಗೆಳೆಯರು ‘ಕ್ಯಾಪ್ಟನ್’ ಎಂದು ಕರೆಯುವ ಒಬ್ಬನಿದ್ದಾನೆ. ಎದುರಿನ ಗೂಡ್ಸಿಗೆ ದಾರಿ ಬಿಡಲು ರೈಲು ಎಡಕುಮೇರಿಯಲ್ಲಿ ನಿಂತದ್ದೇ ಅವನಿಗೆ ಕಥೆ ಕಟ್ಟಲು ಸಾಕಾಯಿತು.

“ಬೆಳಕಿಗಿಂತ ಜೋರಾಗಿ ಹೋಗೋ ಎಂಟರ್‌ಪ್ರೈಸ್ ನೌಕೆ ಇಲ್ಲಿ ಸಿಗ್ನಲ್ ಸಿಗದೆ ನಿಂತಿದೆ ಅಂದ್ಕೊ ಮಾರಾಯ. ಸಿಂಗಲ್ ಲೈನು. ಸ್ಪಾಕ್ ಇಳಿದು ಸ್ಟೇಷನ್ ಮಾಸ್ಟರ್ ಹತ್ರ ತರ್ಕ ಮಾಡ್ತಾನೆ.”

“ಮಾಸ್ಟರ್ ಏನಂತಾರೆ?”

“ಮೊದ್ಲು ಗೂಡ್ಸ್ ಬರ್ಲಿ ಸ್ವಾಮಿ ಅಂತಾರೆ!”

ಈ ಎಂಟರ್‌ಪ್ರೈಸ್, ಸ್ಪಾಕ್ ಇರುವ ‘ಸ್ಟಾರ್ ಟ್ರೆಕ್’ ಧಾರಾವಾಹಿಯಲ್ಲಿ ಕೆಂಪಂಗಿ ತೊಟ್ಟವನು ಸಾಯುವುದು ಖಚಿತ ಎಂಬುದು ಅಭಿಮಾನಿಗಳ ಹಳೇ ಜೋಕು. ಕ್ಯಾಪ್ಟನ್ನನ ಕಥೆಯಲ್ಲಿ ಅವನನ್ನು ಉಂಬಳ ಹಿಡಿಯುತ್ತದೆ. ಫೇಸರ್ ಬಂದೂಕಿಗೆ ಬಗ್ಗದ್ದು ಸುಣ್ಣ, ಹೊಗೆಸೊಪ್ಪಿಗೆ ಬಿಡುತ್ತದೆ.

ಇಷ್ಟಾದರೆ ಸಹಿಸಬಹುದಿತ್ತು. ಆಮೇಲೆ ‘ಸ್ಟಾರ್ ವಾರ್ಸ್’ನ ಖಳ ಡಾರ್ತ್ ವೇಡರ್ ಬಂದ. ಮಗ ಲ್ಯೂಕ್‌ಗೆ ಹೆಣ್ಣು ಸಿಗುತ್ತಿಲ್ಲವೆಂದು ಅಪ್ಪ ಕುಕ್ಕೆಗೆ ಸರ್ಪಸಂಸ್ಕಾರ ಮಾಡಿಸಲು ಹೊರಟಿದ್ದಾನೆ. ಪುರೋಹಿತರು ಗೋತ್ರ ಕೇಳುತ್ತಾರೆ. ವೇಡರ್ ಆ ಕಪ್ಪು ಮುಖವಾಡದೊಳಗಿಂದ ದೀರ್ಘವಾಗಿ ಉಸಿರೆಳೆದು… ಅಷ್ಟರಲ್ಲಿ ಸುರಂಗ. ಪಕ್ಕದ ಬೋಗಿಯ ಹುಡುಗರು ಹೋ ಎಂದು ಕೂಗಿದರು. ಗೋತ್ರ ಕತ್ತಲಲ್ಲಿ ಮುಳುಗಿತು. ಬೆಳಕು ಬಂದಾಗ ಕ್ಯಾಪ್ಟನ್ ಬಿಟ್ಟಲ್ಲಿಂದ ಮುಂದುವರಿಸಲಿಲ್ಲ, ಹೆಣ್ಣು ಸಿಗದ ಲ್ಯೂಕ್‌ನಿಂದಲೇ ಶುರುಮಾಡಿದ. ಈ ಘಾಟಿಯಲ್ಲಿರುವುದು 57 ಸುರಂಗ! ಮುಂದಿನ ಸಲ ನಕ್ಕರೆ ಬೇಗ ಮುಗಿಯುತ್ತದೆಂದು ಕೇಳುಗ ಮೊದಲೇ ನಕ್ಕ. ಹುರುಪೇರಿ ಕ್ಯಾಪ್ಟನ್ ಲ್ಯೂಕ್‌ನ ಜಾತಕವನ್ನೂ ಸೇರಿಸಿದ.

ಇಂಥ ಕುಚೇಷ್ಟೆಗೆ ದೊಡ್ಡ ವಂಶವಿದೆ. 1973ರಲ್ಲಿ ಅಮೆರಿಕದ ಪೌಲಾ ಸ್ಮಿತ್, ಹದಿನೈದೂವರೆ ವರ್ಷದ ಹುಡುಗಿ ಮೇರಿ ಸೂ ಎಂಟರ್‌ಪ್ರೈಸಿನಲ್ಲಿ ಎಲ್ಲರ ಕಣ್ಮಣಿಯಾಗುವ ಪುಟ್ಟ ಅಣಕಕಥೆ ಬರೆದು ಅಭಿಮಾನಿಗಳ ಕಥೆಗಳನ್ನೇ ಗೇಲಿ ಮಾಡಿದರು. ಅಂಥ ಪಾತ್ರಗಳಿಗೆ ಇಂದಿಗೂ ಆ ಹೆಸರೇ. ವ್ಯತ್ಯಾಸವಿಷ್ಟೆ: ಆಕೆ ಬರೆದರು. ಕ್ಯಾಪ್ಟನ್ ಬರೆಯುವುದಿಲ್ಲ.

‘ಕರ್ವಾಲೊ’ವನ್ನೂ ಅಣಕ ಮಾಡೋಣ ಎಂದು ಕೇಳುಗ ಅಂದಾಗ ಮಾತ್ರ ಅವನು ರೇಗಿದ. 1980ರಲ್ಲಿ ಬಂದ ತೇಜಸ್ವಿಯವರ ಆ ಕಾದಂಬರಿಯಲ್ಲಿ ಹಾರುವ ಓತಿ ಹುಡುಕಲು ವಿಜ್ಞಾನಿಯ ಜೊತೆ ಮಂದಣ್ಣ, ಬಿರಿಯಾನಿ ಕರಿಯಪ್ಪ, ಕಿವಿ ಎಂಬ ನಾಯಿ ಎಲ್ಲ ಹೊರಡುತ್ತಾರೆ; ಎಂಟರ್‌ಪ್ರೈಸಿಗೂ ಅಂಥ ಸಿಬ್ಬಂದಿ ಸಿಕ್ಕಿಲ್ಲ. ಹೈಸ್ಕೂಲಿನಲ್ಲಿ ಅದನ್ನೋದಿ ಬೇಲಿಯ ಓತಿಗಳ ಹಿಂದೆಲ್ಲ ಅಲೆದಿದ್ದನಂತೆ. ಹೇಳುವಾಗ ಅವನ ದನಿಯಲ್ಲಿ ಅಣಕವಿರಲಿಲ್ಲ. ಆ ಓತಿ ಹಾರಿಹೋದ ಕಣಿವೆ ಇಲ್ಲೇ ಎಲ್ಲೋ ಇರಬೇಕೆಂದು ಮೊದಲ ಬಾರಿ ಕಿಟಕಿಯಾಚೆ ನೋಡಿದ.

ಸುಬ್ರಹ್ಮಣ್ಯ ರೋಡಿನಲ್ಲಿ ಇಳಿಯುವಾಗ, ಬರೆದಿಡು ಎಂದು ಕೇಳುಗ ಪೆನ್ನು ಚಾಚಿದ.

“ಈಗಲೇ ಬೇಡ,” ಎಂದ ಕ್ಯಾಪ್ಟನ್. “ವೇಡರ್‌ಗೆ ವಾಪಸ್ ಹೋಗೋಕೆ ಟಿಕೆಟ್ ಇನ್ನೂ ವೆಯ್ಟಿಂಗ್ ಲಿಸ್ಟಲ್ಲಿದೆ.”